ಹೆಬ್ಬೆಟ್ಟು ಒಪ್ಪದಾಗ ಸೋರುವ ಕರ್ನಲ್

ನನ್ನ ತಂಗಿ ಶೋಭಾ ಔರಾದ್ ಕಡೆಯಿಂದ ಬಸ್ಸು ಹತ್ತಿ ಬೀದರಕ್ಕೆ ಬಂದಳು. ತೊಡೆಯ ಮೇಲೆ ಕೌದಿಯಲ್ಲಿ ಸುತ್ತಿದ ಗಂಟು. ಪಕ್ಕದ ಸೀಟಿನ ಹೆಂಗಸು ಪಾಪ, ಸರಿದು ಜಾಗ ಕೊಟ್ಟಳಂತೆ. ಕಿಟಕಿ ಮುಚ್ಚಿದಳಂತೆ. ಎದುರಿನವನು ಬೀಡಿ ತೆಗೆದಾಗ ಗದರಿಸಿದಳಂತೆ. ಬಸ್ ಸ್ಟ್ಯಾಂಡ್ ಬಂದಾಗ ಮಾತ್ರ ತಡೆಯಲಾಗಲಿಲ್ಲ.

"ಮಾರಿ ತೋರಸ್ರಿ ಬಾಯಿ. ಗಂಡೋ ಹೆಣ್ಣೋ?"

ಶೋಭಾ ಕೌದಿ ಸರಿಸಿ ತೋರಿಸಿದಳು. ಒಂದು ಕಂಪ್ಯೂಟರ್.

ಆ ಹೆಂಗಸು ತನ್ನ ಚೀಲ ಎತ್ತಿಕೊಂಡು ಇಳಿದು ಹೋದಳಂತೆ. (ಅವಳ ಜಾಗದಲ್ಲಿ ನಾನಿದ್ದಿದ್ದರೆ ಕಿಟಕಿಯನ್ನಾದರೂ ಮತ್ತೆ ತೆರೆಸುತ್ತಿದ್ದೆ.)

ಬೀದರದ ಮೈಲೂರಿನಲ್ಲಿರುವ ನಮ್ಮ ಮನೆಯ ಅಡುಗೆ ಕಟ್ಟೆ ಈ ಅಂಕಣ ಓದುವವರಿಗೆಲ್ಲ ಪರಿಚಿತ. ಅಲ್ಲಿ ಉಪ್ಪಿನ ಡಬ್ಬಿ ಎಲ್ಲಿರುತ್ತದೆ ಎಂಬುದು ನಿಮಗೆ ನನ್ನ ಯಜಮಾನರಿಗಿಂತ ಚೆನ್ನಾಗಿ ಗೊತ್ತು. ಆ ಕಟ್ಟೆಯ ಮೇಲೆ, ಜೋಳದ ಹಿಟ್ಟಿನ ಡಬ್ಬಿಯನ್ನು ಸರಿಸಿ, ಕೂಸನ್ನು ಮಲಗಿಸಲಾಯಿತು. ಅದರ ಜೊತೆಗೆ ಒಂದು ವೈರು, ವೈರಿನ ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಗಾಜಿನ ಡಬ್ಬಿ. ಹೆಬ್ಬೆಟ್ಟು ಒತ್ತುವ ಡಬ್ಬಿ.

ಶೋಭಾ ಚಿಂತಾಕಿ ಹತ್ತಿರದ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು. (ಹಳ್ಳಿಯ ಹೆಸರು ಬೇಡ. ಅವಳು ಇನ್ನೂ ಅಲ್ಲೇ ಬಾಳಬೇಕು.) ಅಲ್ಲಿ ಕುರಿ ಸಾಕುವವರ ಒಂದು ಸಂಘವಿದೆ. ಇವಳು ಅದರ ಕಾರ್ಯದರ್ಶಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಕುರಿಗಳಿಗೆ ಜಂತಿನ ಔಷಧ ಬರುತ್ತದೆ. ಸದಸ್ಯರು ಬಂದು ಆ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಬೇಕು. ಹಸಿರು ದೀಪ ಹತ್ತಿದರೆ ಬಾಟಲಿ. ಕೆಂಪು ಹತ್ತಿದರೆ ಇನ್ನೊಮ್ಮೆ ಒತ್ತಬೇಕು.

ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡರೆ ಆಗುವುದಿಲ್ಲವೇ? ಆಗುವುದಿಲ್ಲ. ಅದು ಹಳೆಯ ಕಾಲದ ಪದ್ಧತಿಯಂತೆ. ಅದರಲ್ಲಿ ಮೋಸಕ್ಕೆ ಅವಕಾಶವಿದೆಯಂತೆ.

ಈಗ ಬಂದದ್ದು ಮೋಸದ ಆರೋಪವೇ.

"ಎರಡು ಸಲನೂ ಹಂಗೇ ಆಯ್ತು ಅಕ್ಕಾ," ಎಂದಳು ಶೋಭಾ, ಚಹಾ ಮುಟ್ಟದೆ. "ಮ್ಯಾಲಿನ ಓಣಿಯವ್ರು ಮುಂಜಾನಿ ಬಂದು ತಗೊಂಡು ಹೋಗ್ತಾರ. ಒಂದು ತಕರಾರಿಲ್ಲ. ಕೆಳಗಿನ ಓಣಿಯವ್ರು ಕುರಿ ಒಬ್ಬರ ಕೈಯಾಗ ಒಪ್ಪಿಸಿ ಬಿಸಲೇರಿದ ಮ್ಯಾಲೆ ಬರ್ತಾರ. ಅವ್ರು ಒಂದಿಷ್ಟು ಮಂದಿ ಒತ್ತಿದ್ರೋ ಇಲ್ಲೋ, ಮಷಿನ್ ಗಪ್ ಆಗ್ತದ."

"ಬಂದ್ ಮಾಡಿ ಮತ್ತ ಚಾಲೂ ಮಾಡಬೇಕಿಲ್ಲ?"

"ಮಾಡಿದ್ರ ಚಾಲೂ ಆಗ್ತದ. ಆದ್ರ ಲಾಗಿನ್ ದಿನಕ್ಕ ಒಂದೇ ಸಲ. ನಡುವ ನಿಂತ್ರ ಮರುದಿನಾನೇ. ಮರುದಿನ ಕೆಳಗಿನ ಓಣಿಯವ್ರು ನಸುಕಿನಾಗೇ ಕುರಿ ಹೊಡಕೊಂಡು ದೂರ ಹೋಗಿರ್ತಾರ. ದಿನಾ ಯಾರು ಕೆಲಸ ಬಿಟ್ಟು ಬರ್ತಾರ? ಒಡದ ಔಷಧದ ಪೆಟ್ಟಗಿ ಉಳಸಿ ಇಡಬಾರ್ದು ಅಂತ ಕಾಯ್ದೆ ಅದ. ಮರುದಿನ ಬಂದೋರಿಗಿ ಕೊಟ್ಟು ಬಾಗಲಾ ಹಾಕ್ತೇನಿ."

"ಜನ ಏನಂತಾರ?"

"ನಾನೇ ನಿಲ್ಲಸ್ತೇನಂತ. ಟೇಬಲ್ ತೆಳಗ ಒಂದು ಬಟನ್ ಇಟ್ಕೊಂಡೀನಂತ. ಹೋದ ಸಲ ಇಬ್ಬರು ಬಗ್ಗಿ ನೋಡಿ ಹೋದ್ರು."

"ಸಿಕ್ತೇನು?"

ನಾನು ತಮಾಷೆಗೆ ಕೇಳಿದೆ. ಅವಳು ನಗಲಿಲ್ಲ.

"ಕೆಲಸ ಹೋದ್ರ ಹೋಗ್ಲಿ ಅಕ್ಕಾ. ಮುಂದಿನ ಹಂಚಿಕಿ ಆದಮ್ಯಾಲೆ ಸಭಾ ಅದ, ಅದರಾಗ ಇಳಸ್ತಾರ, ಇಳಸ್ಲಿ. ಊರಾಗ ನನಗ ಬಟನ್ ಬಾಯಿ ಅಂತ ಹೆಸರಿಟ್ಟಾರ. ಸಾಲ್ಯಾಗ ನನ್ನ ಮಗಳಿಗಿ ಬಟನ್ ಬಾಯಿ ಮಗಳು ಅಂತಾರ. ಆಕಿ ಸಾಲಿಗಿ ಹೋಗಲ್ಲಂತ ಕುಂತಾಳ."

ಪಾಪ, ಮೇಲಿನ ಓಣಿಯವರು ಅವಳ ಪರವಾಗಿಯೇ ಇದ್ದರಂತೆ. ಅದರಲ್ಲೂ ಮಾಣಿಕಪ್ಪ ಎಂಬ ದೊಡ್ಡ ಮನುಷ್ಯರು. ದೊಡ್ಡ ಹಿಂಡಿನ ಒಡೆಯರು, ಸಂಘದ ಹಿರಿಯರು. 'ಮಷಿನ್ ಅಂದಮ್ಯಾಲೆ ನಿಲ್ತದ, ನೀ ಚಿಂತಿ ಮಾಡಬ್ಯಾಡ' ಎಂದು ಎರಡು ಸಲವೂ ಸಮಾಧಾನ ಹೇಳಿದ್ದರಂತೆ. ಒಳ್ಳೆಯ ಮನುಷ್ಯ ಎಂದುಕೊಂಡೆ.

ಮಷಿನ್ ಮಾರಿದವನಿಗೂ ಫೋನ್ ಹೋಗಿತ್ತು. ಅವನ ಉತ್ತರ ನಿಮಗೆ ಗೊತ್ತೇ ಇದೆ. ಬಂದ್ ಮಾಡಿ ಚಾಲೂ ಮಾಡ್ರಿ. ನಮ್ಮ ಟಿವಿಗೆ ಅದೇ ಮದ್ದು, ಮೊಬೈಲಿಗೆ ಅದೇ ಮದ್ದು. ಏನು ಕೆಟ್ಟಿದೆ ಎಂದು ಹುಡುಕುವ ಕಷ್ಟ ಯಾರಿಗೆ ಬೇಕು? ಕಣ್ಣು ಮುಚ್ಚಿ ತೆರೆದರೆ ಎಲ್ಲ ಹೊಸದು.

ನಮ್ಮ ಪಕ್ಕದ ಮನೆಯ ಸಮೀನಾಗೆ ಈ ಮದ್ದು ಕಂಡರೆ ಆಗುವುದಿಲ್ಲ. ಅವಳು ಭಾಲ್ಕಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಆ ಬಸ್ಸಿನಲ್ಲಿ ಉಳಿದವರು ಹಾಡು ಕೇಳುತ್ತಾರೆ, ನಿದ್ದೆ ಮಾಡುತ್ತಾರೆ. ಇವಳು ಕರ್ನಲ್ ಓದುತ್ತಾಳೆ. ಓದಿ, ಅದರಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಾಳೆ. ಸಂಬಳಕ್ಕಲ್ಲ. ಹವ್ಯಾಸಕ್ಕೆ.

ಕರ್ನಲ್ ಅಂದರೆ ಏನು? ನಾನೂ ಕೇಳಿದೆ.

"ನಿಮ್ಮ ಅಡಗಿ ಮನ್ಯಾಗ ಪಾತ್ರಿ ಯಾರ ಕೈಯಾಗ ಅವ ಅಕ್ಕಾ?"

"ನನ್ನ ಕೈಯಾಗ."

"ಹಾಂ. ಕಂಪ್ಯೂಟರಿನಾಗ ಕರ್ನಲ್ ಅಂದ್ರ ನೀವೇ."

ನಾನು ಸ್ವಲ್ಪ ಉಬ್ಬಿದೆ. ಸೆರಗು ಸರಿಮಾಡಿಕೊಂಡು ಮುಂದಿನದನ್ನು ಕೇಳಿದೆ.

ಕಂಪ್ಯೂಟರಿನಲ್ಲಿ ಯಾವ ಕೆಲಸಕ್ಕೂ ಸ್ವಲ್ಪ ಜಾಗ ಬೇಕು. ಮೆಮೊರಿ. ಅದನ್ನು ಕೇಳಿದವರಿಗೆ ಬಟ್ಟಲು ಬಟ್ಟಲಾಗಿ ಕೊಡುವುದು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವುದು ಕರ್ನಲ್ಲಿನ ಕಾರಭಾರ. ಹೊರಗಿನ ಕಾರ್ಯಕ್ರಮಗಳು ಮರೆತರೂ ಚಿಂತೆಯಿಲ್ಲ. ಅವು ಮುಗಿದಾಗ ಕರ್ನಲ್ ಎಲ್ಲವನ್ನೂ ಕಸಿದುಕೊಳ್ಳುತ್ತದೆ. ಆದರೆ ಕರ್ನಲ್ಲಿನ ಒಳಗಿನವರೇ, ಅಂದರೆ ಮನೆಯವರೇ, ತೆಗೆದುಕೊಂಡ ಬಟ್ಟಲನ್ನು ವಾಪಸ್ ಇಡದಿದ್ದರೆ? ಕೇಳುವವರಿಲ್ಲ. ಒಂದು ಹೋದರೆ ಗೊತ್ತಾಗುವುದಿಲ್ಲ. ಒಂದೊಂದೇ ಹೋಗುತ್ತವೆ. ಕೊನೆಗೆ ಚಹಾ ಸೋಸಲು ಒಂದು ಲೋಟವೂ ಇಲ್ಲದೆ ಅಡುಗೆಮನೆ ನಿಂತುಬಿಡುತ್ತದೆ. ಅದಕ್ಕೆ ಜನ ಹ್ಯಾಂಗ್ ಆಯಿತು ಅನ್ನುತ್ತಾರೆ.

ಇದಕ್ಕೆ ಸೋರಿಕೆ ಅನ್ನುವುದೇಕೆ? ಸೋರಿದರೆ ಏನಾದರೂ ಹೊರಗೆ ಹೋಗಬೇಕಲ್ಲ? ಇಲ್ಲಿ ಏನೂ ಹೊರಗೆ ಹೋಗುವುದಿಲ್ಲ. ಎಲ್ಲ ಮನೆಯಲ್ಲೇ ಇರುತ್ತದೆ. ಉಪಯೋಗಕ್ಕೆ ಮಾತ್ರ ಬರುವುದಿಲ್ಲ.

ನನಗೆ ಇದು ತಕ್ಷಣ ಅರ್ಥವಾಯಿತು. ನಮ್ಮಲ್ಲಿ ಪಕ್ಕದ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ಪದ್ಧತಿಯಿಲ್ಲ. ಏನಾದರೂ ಹಾಕಿಯೇ ಕೊಡಬೇಕು. ಹಾಗಾಗಿ ಸಮೀನಾಳ ಮನೆಯಿಂದ ಈದ್‌ಗೆ ಶೀರ್ ಖುರ್ಮಾ ಬಂದ ಡಬ್ಬಿ ನನ್ನ ಹೋಳಿಗೆಯನ್ನು ಕಾಯುತ್ತಾ ಕಪಾಟಿನಲ್ಲಿದೆ. ನನ್ನ ಡಬ್ಬಿಗಳು ಅವಳ ಮನೆಯಲ್ಲಿ ಇನ್ನೇನನ್ನೋ ಕಾಯುತ್ತಿವೆ. ಎರಡೂ ಮನೆಯಲ್ಲಿ ಡಬ್ಬಿಗೆ ಬರ. ಕಾರಣ ಕಳ್ಳತನವಲ್ಲ, ಮರ್ಯಾದೆ.

ಸರಿ, ಸಮೀನಾ ಮಷಿನ್ ಬಿಚ್ಚಿದಳು. ಅಂದರೆ ಸ್ಕ್ರೂ ಅಲ್ಲ, ಒಳಗಿನ ಬರಹವನ್ನು. ಅದೃಷ್ಟಕ್ಕೆ ಅದು ಯಾರು ಬೇಕಾದರೂ ತೆರೆದು ಓದಬಹುದಾದ ಜಾತಿಯದು. ಕರ್ನಲ್ಲಿನಲ್ಲೇ ಒಬ್ಬ ಪತ್ತೇದಾರನಿದ್ದಾನಂತೆ. ಕೊಟ್ಟ ಬಟ್ಟಲುಗಳನ್ನೆಲ್ಲ ಸುತ್ತಿ ನೋಡಿ, ಯಾವುದಕ್ಕೆ ಈಗ ದಿಕ್ಕುದೆಸೆಯಿಲ್ಲ ಎಂದು ಹೇಳುತ್ತಾನೆ. ಅವನನ್ನು ಎಬ್ಬಿಸಿ ಕೂರಿಸಿದಳು.

"ಒತ್ತ್ರಿ ಅಕ್ಕಾ."

ನಾನು ಒತ್ತಿದೆ. ಹಸಿರು. ಶೋಭಾ ಒತ್ತಿದಳು. ಹಸಿರು. ಸಮೀನಾ, ಅವಳ ಅತ್ತೆ, ಹಾಲು ಕೊಡಲು ಬಂದವರು, ಕರೆಂಟ್ ಬಿಲ್ ತಂದವರು, ಎಲ್ಲರಿಂದಲೂ ಒತ್ತಿಸಿದಳು. (ಮೊದಲು ಹೆಸರು ಸೇರಿಸಿಕೊಂಡು, ಆಮೇಲೆ ಒತ್ತಿಸುವುದು.) ಎಲ್ಲರಿಗೂ ಹಸಿರು. ನಾವು ಮತ್ತೆ ಮತ್ತೆ ಒತ್ತಿದೆವು. ನನ್ನ ಪಲ್ಯ ತಳ ಹಿಡಿಯುವವರೆಗೆ ಒತ್ತಿದೆವು.

"ಬೇವಾರಸ್ ಒಂದೂ ಇಲ್ಲ," ಎಂದಳು ಸಮೀನಾ. "ಮಷಿನ್ ಚಲೋ ಅದ ಅಕ್ಕಾ."

ಶೋಭಾಳ ಮುಖ ನೋಡಬೇಕಿತ್ತು. ಚಲೋ ಇದೆ ಎಂಬ ಮಾತಿಗೆ ಅಷ್ಟು ಕಂಗಾಲಾದವರನ್ನು ನಾನು ನೋಡಿಲ್ಲ.

"ಇಲ್ಲಿ ಚಲೋ ಅದ, ಊರಾಗ ಕೆಡ್ತದ ಅಂದ್ರ ಅರ್ಥ ಏನ್ರಿ ಮೇಡಮ್? ಕೆಡಸಾಕಿ ನಾನೇ ಅಂತ ಆಯ್ತಲ್ಲ."

ಸಮೀನಾ ಮಷಿನಿನ ವೈರು ಸುತ್ತತೊಡಗಿದಳು.

"ಹಂಗಾದ್ರ ಊರಾಗೇ ನೋಡಮು," ಎಂದಳು. "ಅಲ್ಲಿ ಏನು ಬ್ಯಾರೆ ಅದ ಅಂತ ನೋಡೇ ಬಿಡಮು."

ಭಾನುವಾರ ಮೂವರೂ ಹೊರಟೆವು. ಕೂಸು ಈ ಸಲ ನನ್ನ ತೊಡೆಯ ಮೇಲೆ.

ಸಂಘದ ಕೋಣೆಯಲ್ಲಿ ಒಂದು ಟೇಬಲ್, ಎರಡು ಬೆಂಚು, ಮೂಲೆಯಲ್ಲಿ ಉಣ್ಣೆಯ ಗೋಣಿಚೀಲಗಳು. (ನಾನೂ ಒಮ್ಮೆ ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದೆ. ತಂಗಿಯಾದರೇನು, ನೋಡುವುದರಲ್ಲಿ ತಪ್ಪೇನಿಲ್ಲ.) ಶೋಭಾ ಎರಡೂ ಓಣಿಯಿಂದ ನಾಲ್ಕಾರು ಜನರನ್ನು ಕರೆಸಿದ್ದಳು.

ಮೊದಲು ಮಾಣಿಕಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಒತ್ತಿದರು. ಹಸಿರು. "ನೋಡ್ರಿ, ಏನೂ ಆಗಿಲ್ಲ ಇದಕ್ಕ," ಎಂದು ಬೆಂಚಿನ ಮೇಲೆ ಕುಳಿತರು.

ಆಮೇಲೆ ಕೆಳಗಿನ ಓಣಿಯ ತುಕ್ಕಮ್ಮ. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆ. ಕುರಿ ಕಾಯುವವಳು, ಕಾಯುತ್ತಲೇ ಉಣ್ಣೆ ನೂಲುವವಳು. ಶೋಭಾಳನ್ನು ನೇರವಾಗಿ ನೋಡಿ ಹೇಳಿದಳು.

"ಏನವ್ವ, ಇವತ್ತು ಬಟನ್ ಒತ್ತೋದು ಯಾರು? ನೀನೋ, ನಿಮ್ಮಕ್ಕನೋ?"

ಒತ್ತಿದಳು. ಕೆಂಪು. ಸೆರಗಿನಿಂದ ಬೆಟ್ಟು ಒರೆಸಿ ಒತ್ತಿದಳು. ಕೆಂಪು. ನಾಲಿಗೆಗೆ ತಾಗಿಸಿ ಒತ್ತಿದಳು. ಕೆಂಪು. ಗೋಡೆಗೆ ತಿಕ್ಕಿ ಒತ್ತಿದಳು. ಕೆಂಪು.

"ಯಾವಾಗ್ಲೂ ಹಿಂಗೇ ಏನಮ್ಮ?" ಎಂದಳು ಸಮೀನಾ. ಅವಳ ಕಣ್ಣು ಕಂಪ್ಯೂಟರಿನ ಮೇಲೆ.

"ಹಿಂಗೇ. ನನ್ನದೊಂದೇ ಅಲ್ಲ, ನಮ್ಮ ಓಣ್ಯಾಗ ಎಲ್ಲರದೂ ಹಿಂಗೇ. ತಿಕ್ಕಿ ತಿಕ್ಕಿ ಒತ್ತಬೇಕು. ಒಂದು ಸಲ ಮನಸು ಬಂದ್ರ ಹಸರು ಆಗ್ತದ."

"ಇನ್ನೊಂದು ಸಲ ಒತ್ತಮ್ಮ."

ಕೆಂಪು. ಸಮೀನಾ ನಕ್ಕಳು. "ಇನ್ನೊಂದು." ಕೆಂಪು. ಸಮೀನಾ ಕುರ್ಚಿ ಎಳೆದುಕೊಂಡು ಇನ್ನೂ ಹತ್ತಿರ ಕುಳಿತಳು. ಮುಖವೆಲ್ಲ ಹಬ್ಬ.

ತುಕ್ಕಮ್ಮ ನನ್ನ ಕಡೆ ತಿರುಗಿದಳು. "ಯಾರವ್ವ ಈಕಿ? ನನ್ನ ಬೆಟ್ಟು ಹತ್ತಲಿಲ್ಲಂತ ಖುಷಿ ಪಡೋರಿಗಿ ಇವತ್ತೇ ನೋಡ್ಲಕತ್ತೀನಿ."

ಖುಷಿಗೆ ಕಾರಣವಿತ್ತು. ಪ್ರತಿ ಕೆಂಪಿಗೂ ಪತ್ತೇದಾರ ಒಂದು ಹೊಸ ಬೇವಾರಸ್ ಬಟ್ಟಲನ್ನು ತೋರಿಸುತ್ತಿದ್ದ.

ಸಮೀನಾ ತುಕ್ಕಮ್ಮನ ಕೈ ಹಿಡಿದು ಹೆಬ್ಬೆಟ್ಟು ನೋಡಿದಳು. ನಾನೂ ನೋಡಿದೆ. ಹೊಳೆಯ ಕಲ್ಲಿನ ಹಾಗೆ ನುಣ್ಣಗಿತ್ತು.

"ಗೆರಿ ಎಲ್ಲಿ ಹೋದ್ವಮ್ಮ?"

"ಕಂಬಳ್ಯಾಗ ಹೋದ್ವು," ಎಂದಳು ತುಕ್ಕಮ್ಮ. "ಚಿಕ್ಕಾಕಿ ಇದ್ದಾಗಿಂದ ಉಣ್ಣಿ ನೂಲಿ ನೂಲಿ ಸವದ ಬೆಟ್ಟು ಇದು."

ಆಮೇಲೆ ಸಮೀನಾ ಆ ಗಾಜಿನ ಡಬ್ಬಿಯನ್ನು ನೋಡಿಕೊಳ್ಳುವ ಬರಹವನ್ನು ತೆರೆದು ನಮಗೆ ಓದಿ ಹೇಳಿದಳು. ಕರ್ನಲ್ಲಿನ ಈ ಭಾಗಕ್ಕೆ ಡ್ರೈವರ್ ಎಂದು ಹೆಸರು. ಅದರ ಕೆಲಸ ಸರಳ. ಒಂದು ಬಟ್ಟಲು ತೆಗೆದುಕೊಳ್ಳುವುದು. ಅದರಲ್ಲಿ ಹೆಬ್ಬೆಟ್ಟಿನ ಚಿತ್ರ ಹಾಕುವುದು. ಚಿತ್ರ ಸ್ಪಷ್ಟವಾಗಿದ್ದರೆ ಮುಂದೆ ಕಳಿಸಿ, ಬಟ್ಟಲನ್ನು ವಾಪಸ್ ಇಟ್ಟು ಮನೆಗೆ ಹೋಗುವುದು.

"ಚಿತ್ರ ಸ್ಪಷ್ಟ ಇಲ್ಲಂದ್ರ?" ಎಂದಳು ಶೋಭಾ.

"ಇಲ್ಲ ಅಂದು ಅಲ್ಲಿಂದಲೇ ಹೊಳ್ಳಿ ಹೋಗ್ತದ. ತಗೊಂಡ ಬಟ್ಟಲಾ ಅಲ್ಲೇ. ಬರದವ್ರು ಗೆದ್ದೋರ ದಾರಿ ಚಂದಾಗಿ ಕಟ್ಯಾರ. ಸೋತೋರ ದಾರಿ ಅರ್ಧಕ್ಕ ಬಿಟ್ಟಾರ."

ಬರೆದವರನ್ನು ಬೈಯುವಂತಿಲ್ಲ. ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕುಳಿತು ಬರೆದಿರುತ್ತಾರೆ. ಅವರ ಹೆಬ್ಬೆಟ್ಟು ಒಂದೇ ಒತ್ತಿಗೆ ಹಸಿರಾಗಿರುತ್ತದೆ. ಅವರ ಪಾಲಿಗೆ ಕೆಂಪು ದೀಪ ಎಂದರೆ ಎಂದಾದರೊಮ್ಮೆ ಆಗುವ ಸಂಗತಿ, ಊರ ಹೊರಗಿನ ಕಾಲುದಾರಿ. ಕೆಳಗಿನ ಓಣಿಗೆ ಅದೇ ಹೆದ್ದಾರಿ ಎಂದು ಅವರಿಗೆ ಹೇಳಿದವರು ಯಾರು?

ನಾವೂ ಹಾಗೇ ಅಲ್ಲವೇ? ಮದುವೆ ಸುಸೂತ್ರವಾಗಿ ಮುಗಿದರೆ ಬಾಡಿಗೆ ಪಾತ್ರೆ, ಜಮಖಾನೆ, ಎರವಲು ತಂದ ಕೊಳಗ, ಎಲ್ಲ ಎಣಿಸಿ ವಾಪಸ್ ಹೋಗುತ್ತವೆ. ಅದಕ್ಕೆಂದೇ ಒಬ್ಬ ಮಾವ ಇರುತ್ತಾನೆ. ನಿಶ್ಚಯದ ದಿನವೇ ಮಾತು ಮುರಿದುಬಿದ್ದರೆ? ಎಲ್ಲರೂ ಮುಖ ಕೆಳಗೆ ಹಾಕಿ ಎದ್ದು ಹೋಗುತ್ತಾರೆ. ಪಕ್ಕದ ಮನೆಯವರ ಕೊಳಗ ಯಾರ ಅಟ್ಟ ಸೇರಿತು ಎಂದು ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಸೋಲಿನ ಗಡಿಬಿಡಿಯಲ್ಲಿ ಕಳೆಯುವಷ್ಟು ಸಾಮಾನು ಕಳ್ಳರ ಕೈಯಲ್ಲೂ ಕಳೆಯುವುದಿಲ್ಲ.

ಶೋಭಾ ಮಾತ್ರ ಬೇರೆ ಯೋಚನೆಯಲ್ಲಿದ್ದಳು.

"ಅಂದ್ರ ಜನ ಅಂದದ್ದು ಖರೇನೇ ಅದ ಏನ್ರಿ? ಮಷಿನ್ ಓಣಿ ನೋಡ್ತದ?"

"ಅರ್ಧ ಖರೇ," ಎಂದಳು ಸಮೀನಾ. "ಬಟನ್ ಸುಳ್ಳು. ಉಳದದ್ದು ಖರೇ. ಕುರಿ ಇದ್ದೋರಿಗಿ ಹೂಂ ಅಂತದ, ಕುರಿ ಕಾಯೋರಿಗಿ ಊಹೂಂ ಅಂತದ. ಊಹೂಂ ಅಂದು ಅಂದು ಕಡೀಗಿ ತಾನೇ ಸಾಯ್ತದ."

ತುಕ್ಕಮ್ಮ ಶೋಭಾಳನ್ನೊಮ್ಮೆ, ಮಷಿನನ್ನೊಮ್ಮೆ ನೋಡಿದಳು. ಸೊಂಟದ ಚೀಲದಿಂದ ಎಲೆ ತೆಗೆದು ಶೋಭಾಳ ಮುಂದೆ ಹಿಡಿದಳು. ಶೋಭಾ ತೆಗೆದುಕೊಂಡಳು.

"ಇಷ್ಟೇ ಅದಲ್ಲ, ಬಿಡ್ರಿ," ಎಂದರು ಮಾಣಿಕಪ್ಪ ಬೆಂಚಿನಿಂದ ಏಳುತ್ತಾ. "ಇದಕ್ಕ ಬೀದರ, ಭಾಲ್ಕಿ ಯಾಕ ತಿರಗಬೇಕು? ನಿಂತಾಗ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದ್ರಾಯ್ತು."

ರಿಪೇರಿ ನನ್ನ ಅಡುಗೆ ಕಟ್ಟೆಯ ಮೇಲೆ ನಡೆಯಿತು. ಆದರೆ ರಿಪೇರಿ ಆಯಿತೋ ಇಲ್ಲವೋ ನೋಡಲು ಸೋಲುವ ಹೆಬ್ಬೆಟ್ಟು ಬೇಕಲ್ಲ. ಮೈಲೂರಿನಲ್ಲಿ ತುಕ್ಕಮ್ಮ ಎಲ್ಲಿ ಸಿಗಬೇಕು? ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಒತ್ತಿದೆ. ಕೆಂಪು. ಸಮೀನಾ ನನ್ನನ್ನು ಎಷ್ಟು ಗೌರವದಿಂದ ನೋಡಿದಳು ಎಂದರೆ, ನನ್ನ ರೊಟ್ಟಿಗೆ ಆ ನೋಟ ಎಂದೂ ಸಿಕ್ಕಿರಲಿಲ್ಲ.

ಅವಳು ಬರಹದ ಕೊನೆಯಲ್ಲಿ ಒಂದು ಸಾಲು ಸೇರಿಸಿದಳು. ಗೆದ್ದವರು, ಸೋತವರು, ಇಬ್ಬರ ದಾರಿಯನ್ನೂ ಅಲ್ಲಿಗೇ ತಿರುಗಿಸಿದಳು. ಹೊರಗೆ ಹೋಗುವ ಮುನ್ನ ಬಟ್ಟಲು ವಾಪಸ್ ಇಡು, ಅಷ್ಟೇ ಮಾತು. ಹಿಟ್ಟಿನ ಹೆಬ್ಬೆಟ್ಟು ಒತ್ತಿದೆ. ಕೆಂಪು ಹತ್ತಿತು, ಪತ್ತೇದಾರ ಬಾಯಿ ಮುಚ್ಚಿಕೊಂಡಿದ್ದ. ಸಮೀನಾ ಗೆದ್ದಳು ಎಂದು ನಾನು ಕೈ ತೊಳೆದುಕೊಂಡು ಬಂದು, ಸುಮ್ಮನೆ ಒಮ್ಮೆ ಒತ್ತಿದೆ. ಹಸಿರು ಹತ್ತಿತು. ಮಷಿನ್ ಅಲ್ಲೇ ನಿಂತುಹೋಯಿತು. ಮೊದಲು ಓಣಿ ಪೂರ್ತಿ ಒತ್ತಿದ ಮೇಲೆ ಸಾಯುತ್ತಿದ್ದದ್ದು ಈಗ ಒಂದೇ ಒತ್ತಿಗೆ ಸತ್ತಿತು.

ಸಮೀನಾ ಹಣೆ ಹಿಡಿದುಕೊಂಡಳು. "ಗೆದ್ದೋರು ಮೊದಲೇ ವಾಪಸ್ ಇಡ್ತಿದ್ರು. ಈಗ ನಾನೂ ಇಡಸ್ದೆ. ಒಂದೇ ಬಟ್ಟಲಾ ಎರಡು ಸಲ ವಾಪಸ್."

"ಅದ್ರಾಗೇನು ತಪ್ಪು? ಪ್ರಾಮಾಣಿಕತನ ಜಾಸ್ತಿ ಆಯ್ತು, ಅಷ್ಟೇ."

"ಹಂಗಲ್ಲ ಅಕ್ಕಾ. ಮೊದಲನೇ ಸಲ ಇಟ್ಟ ಕೂಡ್ಲೇ ಅದು ಬ್ಯಾರೆಯವ್ರ ಪಾಲಿಗಿ ಹೋಗಿರ್ತದ. ಎರಡನೇ ಸಲ ಇಡೋದಂದ್ರ ಊಟಕ್ಕ ಕುಂತೋರ ಮುಂದಿಂದು ತಾಟು ಕಸಗೊಂಡು ತೊಳಿಲಿಕ್ಕಿ ಹಾಕ್ದಂಗ."

ಸೋರುವುದನ್ನು ನಿಲ್ಲಿಸುವ ಆತುರದಲ್ಲಿ ಸೋರದೇ ಇದ್ದದ್ದನ್ನು ಒಡೆಯುವುದು. ನಮ್ಮ ರಸ್ತೆಯಲ್ಲಿ ನಲ್ಲಿಯ ಪೈಪು ರಿಪೇರಿ ಮಾಡಿದವರಿಗೂ ಸಮೀನಾಳ ಕಾಲೇಜಿಗೂ ಏನೋ ಸಂಬಂಧ ಇರಬೇಕು ಎನಿಸಿತು. ವ್ಯತ್ಯಾಸ ಒಂದೇ. ಇವಳು ಹಳೆಯ ಸಾಲನ್ನು ಅಳಿಸಿ, ಇಬ್ಬರಿಗೂ ಹೊಸದೊಂದನ್ನೇ ಉಳಿಸಿದಳು. ಹಿಟ್ಟಿನ ಕೈ, ತೊಳೆದ ಕೈ, ಎಣ್ಣೆಯ ಕೈ, ಅರಿಶಿನದ ಕೈ, ಎಲ್ಲದರಿಂದಲೂ ಒತ್ತಿಸಿದಳು. ಮಷಿನ್ ನಿಲ್ಲಲಿಲ್ಲ.

ಇಷ್ಟಕ್ಕೆ ಬಿಡುವ ಹೆಣ್ಣಲ್ಲ ಅವಳು. ಕರ್ನಲ್ಲನ್ನು ನೋಡಿಕೊಳ್ಳುವ ಹಿರಿಯರು ಜಗತ್ತಿನ ಎಲ್ಲೆಲ್ಲೋ ಇದ್ದಾರಂತೆ. ಅವರಿಗೆ ತನ್ನ ರಿಪೇರಿಯನ್ನು ಕಳಿಸಿದಳು. ಒಬ್ಬರು ಕೇಳಿದರಂತೆ: ಈ ದಾರಿಯಲ್ಲಿ ಯಾರೂ ಹೋಗುವುದೇ ಇಲ್ಲವಲ್ಲ, ನಿಮಗೆ ಹೇಗೆ ಸಿಕ್ಕಿತು? ಸಮೀನಾ ಬರೆದಳು: ಕುರಿ ಕಾಯುವವರ ಹೆಬ್ಬೆಟ್ಟಿನಿಂದ. ಅವರು ಇದನ್ನು ಹೇಗೆ ಅರ್ಥ ಮಾಡಿಕೊಂಡರೋ, ಒಪ್ಪಿಕೊಂಡರು.

ರಿಪೇರಿಯ ಜೊತೆಗೆ ಅದನ್ನು ಪರೀಕ್ಷೆ ಮಾಡಿದವರ ಹೆಸರನ್ನೂ ಬರೆಯುವ ಪದ್ಧತಿ ಇದೆಯಂತೆ. ತುಕ್ಕಮ್ಮನ ಹೆಸರು ಹಾಕೋಣ ಎಂದು ಸಮೀನಾ ಹೊರಟಳು. ಹೆಸರಿನ ಪಕ್ಕದಲ್ಲಿ ಈಮೇಲ್ ಬೇಕು. ತುಕ್ಕಮ್ಮನಿಗೆ ಈಮೇಲ್ ಎಲ್ಲಿಂದ ತರುವುದು? ನನಗಿದೆ, ಈ ಅಂಕಣ ಕಳಿಸುವುದೇ ಅದರಲ್ಲಿ. ಹಾಗಾಗಿ ಈಗ ಜಗತ್ತಿನ ಕರ್ನಲ್ಲಿನ ಚರಿತ್ರೆಯಲ್ಲಿ ನನ್ನ ಹೆಸರಿದೆ. ನಿಜವಾಗಿ ಸವೆದ ಹೆಬ್ಬೆಟ್ಟಿಗೆ ಅಲ್ಲಿ ಜಾಗವಾಗಲಿಲ್ಲ. ಹಿಟ್ಟು ಹಚ್ಚಿಕೊಂಡು ಸೋತಂತೆ ನಟಿಸಿದ ಹೆಬ್ಬೆಟ್ಟಿಗೆ ಆಯಿತು. (ಅಭಿನಂದನೆಗಳನ್ನು ನಾನು ಸಂಕೋಚವಿಲ್ಲದೆ ಸ್ವೀಕರಿಸುತ್ತಿದ್ದೇನೆ.)

ಹಂಚಿಕೆಯ ದಿನ ಬಂತು. ಕೆಳಗಿನ ಓಣಿಯವರು ಒರೆಸಿ, ತಿಕ್ಕಿ, ಉಗುಳು ಹಚ್ಚಿ ಒತ್ತಿದರು. ಕೆಂಪು ದೀಪಕ್ಕೇನೂ ಬಿಡುವಿರಲಿಲ್ಲ. ಸಮೀನಾ ಸೋರಿಕೆ ಮುಚ್ಚಿದ್ದಳೇ ಹೊರತು ಸವೆದ ಗೆರೆಗಳನ್ನು ವಾಪಸ್ ತಂದಿರಲಿಲ್ಲ. ಆದರೆ ಮಷಿನ್ ನಿಲ್ಲಲಿಲ್ಲ. ಸಾಲು ನಿಧಾನವಾಗಿ ಕರಗಿತು. ಹೊತ್ತು ಇಳಿಯುವಷ್ಟರಲ್ಲಿ ಪೆಟ್ಟಿಗೆಗಳೆಲ್ಲ ಖಾಲಿ. ಸಂಜೆ ಶೋಭಾ ಫೋನ್ ಮಾಡಿದಾಗ ಅವಳ ದನಿಯಲ್ಲಿ ಬಹಳ ದಿನದ ಮೇಲೆ ನಗು ಇತ್ತು. "ಒಂದು ಬಾಟ್ಲಿ ಉಳದಿಲ್ಲ ಅಕ್ಕಾ. ಸಭಾಕ್ಕ ನೀವಿಬ್ಬರೂ ಬರ್ರಿ, ಯಾರರ ಏನರ ಅಂದ್ರ ಮೇಡಮ್ ಹೇಳ್ಲಿ."

ಹೋದೆವು. ಬಾಗಿಲ ಬಳಿ ಕುಳಿತೆವು. ಸಮೀನಾ ತನ್ನ ಉತ್ತರಗಳನ್ನೆಲ್ಲ ಕನ್ನಡದಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕೆಳಗಿನ ಓಣಿಯವರು ಏಳುತ್ತಾರೆ, ಕೇಳುತ್ತಾರೆ ಎಂದು ಕಾದೆವು.

ಎದ್ದವರು ಮಾಣಿಕಪ್ಪ.

"ಶೋಭಾ ಬಾಯಿ, ಮಷಿನ್ ಯಾರಿಗಿ ಕೇಳಿ ರಿಪೇರಿ ಮಾಡಿಸಿದಿ?"

ಶೋಭಾಗೆ ಪ್ರಶ್ನೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಕಾಕಾ, ನಿಮ್ಮ ಮುಂದೇ ನೋಡಿದ್ವಲ್ಲ..."

"ನೋಡಿದ್ದು ಬ್ಯಾರೆ. ಠರಾವು ಎಲ್ಲದ? ಸಂಘದ ಮಷಿನ್ ಬೀದರಕ್ಕ ಒಯ್ದು ಯಾರದೋ ಅಡಗಿ ಮನ್ಯಾಗ ಇಟ್ಟು ಒಳಗ ಏನು ಬರಸಿದಿ, ಯಾರಿಗಿ ಗೊತ್ತು? ಮೊದಲು ಚಲೋ ನಡೀತಿತ್ತು."

"ನಡುವ ನಿಲ್ತಿತ್ತಲ್ರಿ," ಎಂದಳು ಸಮೀನಾ.

"ನಿಲ್ತಿತ್ತು. ನಿಂತ್ರೇನಾಯ್ತು? ಮರುದಿನ ಉಳದದ್ದು ತಗೊಂಡು ಹೋಗ್ತಿದ್ವಿ. ಯಾರಿಗರ ಕಮ್ಮಿ ಬಿದ್ದಿತ್ತೇನು? ಈ ಸಲ ಮರುದಿನ ಹೋದ್ರ ಬಾಗಲಾ ಹಾಕಿತ್ತು."

ಮೇಲಿನ ಓಣಿಯವರು ಹೌದೆಂಬಂತೆ ತಲೆಯಾಡಿಸಿದರು. ಮಾಣಿಕಪ್ಪ ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಮೂಲೆಯಲ್ಲಿ ಕುಳಿತಿದ್ದ ತುಕ್ಕಮ್ಮ ಕೇಳಿಸಿಕೊಂಡಿದ್ದಳು.

"ಅಂದ್ರ ಮಾಣಿಕಪ್ಪ," ಎಂದಳು ಎಲೆ ಅಗಿಯುತ್ತಾ, "ನಮ್ಮ ಕುರಿ ಹೊಟ್ಟ್ಯಾಗ ಹುಳ ಇಟಗೊಂಡು ಕುಂತಾಗ, ನಿಮ್ಮ ಕುರಿ ಎರಡೆರಡು ಸಲ ಕುಡದ್ವು ಅನ್ನು. ಅದಕ್ಕೇ ಮೈ ಹಂಗ ಮಿಂಚ್ತಿದ್ವು. ನಾ ಅನ್ಕೊಂಡಿದ್ದೆ ನೀವು ಸಾಬಾಣ ಹಚ್ಚಿ ತೊಳೀತೀರಿ ಅಂತ."

ಕೋಣೆಯಲ್ಲಿ ನಗು ಎದ್ದಿತು. ಮೇಲಿನ ಓಣಿಯಲ್ಲೂ ಒಬ್ಬಿಬ್ಬರು ನಕ್ಕು ತಕ್ಷಣ ನಿಲ್ಲಿಸಿದರು. ಮಾಣಿಕಪ್ಪ ನಗಲಿಲ್ಲ. ಸಭೆಯ ಒಪ್ಪಿಗೆಯ ಠರಾವಿಲ್ಲದೆ ರಿಪೇರಿ ಮಾಡಿಸಿದ ಕಾರ್ಯದರ್ಶಿಯನ್ನು ಇಳಿಸಬೇಕೆಂದು ಮತಕ್ಕೆ ಹಾಕಿಸಿದರು. ಇಳಿಸಲು ಮೇಲಿನ ಓಣಿಯ ಕೈಗಳು ಎದ್ದವು. ಉಳಿಸಲು ಕೆಳಗಿನ ಓಣಿಯ ಕೈಗಳು ಎದ್ದವು. ಇಷ್ಟು ದಿನ ಅವಳನ್ನು ಇಳಿಸುತ್ತೇವೆ ಎಂದವರು ಉಳಿಸಿದರು. ಚಿಂತಿ ಮಾಡಬ್ಯಾಡ ಎಂದವರು ಇಳಿಸಲು ನೋಡಿದರು.

ಕೆಳಗಿನ ಓಣಿ ದೊಡ್ಡದು. ಶೋಭಾ ಉಳಿದಳು.

ಸಮೀನಾ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಯಾರೂ ಕೇಳಲೇ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನಗೆ ಹೇಳಿದಳು. "ಕರ್ನಲ್ಲಿನಾಗ ಇದೊಂದು ಸುಖ ಅಕ್ಕಾ. ಅಲ್ಲಿ ಕಳದ ಬಟ್ಟಲಾ ಯಾರಿಗೂ ಸಿಗಲ್ಲ. ಯಾರಿಗೂ ಲಾಭ ಇಲ್ಲ. ಅದಕ್ಕೇ ರಿಪೇರಿ ಮಾಡಿದ್ರ ಥ್ಯಾಂಕ್ಸ್ ಅಂತಾರ."

ಶೋಭಾಳ ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಮಾಣಿಕಪ್ಪನವರು ಮುಂದಿನ ಸಭೆಗೆ ಇನ್ನೊಂದು ಪ್ರಸ್ತಾವ ತರುತ್ತಾರಂತೆ. ಮಷಿನ್ ಹಳೆಯದಾಯಿತು, ಹೊಸದು ತರಿಸೋಣ ಎಂದು.

ಯಂತ್ರದ ಸೋರಿಕೆ ನಿಲ್ಲಿಸಲು ಸಮೀನಾಗೆ ಒಂದು ಸಾಲು ಸಾಕಾಯಿತು. ಅದರ ಕೆಳಗೆ ಇಷ್ಟು ದಿನ ಕೊಡ ಹಿಡಿದು ಕುಳಿತಿದ್ದವರನ್ನು ಎಬ್ಬಿಸಲು ಎಷ್ಟು ಸಾಲು ಬರೆಯಬೇಕು?